ಲ್ಯಾಂಪ್ ನಂಬರ್ 212: ಪರಿಹಾರಕ್ಕಾಗಿ ನಾನು ಓಡಾಡಿದ ಅನುಭವ

2021ರ ಜುಲೈನಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಂದು ಕಲ್ಲಿದ್ದಲು ಗಣಿಯಲ್ಲಿ ನನ್ನ ಎಡಗೈ ಹೆಬ್ಬೆಟ್ಟು ಹೋಯಿತು. ಗಣಿಯ ಒಳಗೆ ಕನ್ವೇಯರ್ ಬೆಲ್ಟಿನಿಂದ ಕೆಳಗೆ ಬಿದ್ದ ಕಲ್ಲಿದ್ದಲು ಬಳಿದು ಮತ್ತೆ ಮೇಲೆ ಹಾಕುವುದು ನನ್ನ ಕೆಲಸ. ಬೆಲ್ಟ್ ನಿಲ್ಲಿಸದೇ ಬಳಿಯಬೇಕಿತ್ತು. ರೋಲರ್ ಮೊದಲು ಗ್ಲೌಸ್ ಎಳೆಯಿತು, ಹಿಂದೆಯೇ ಕೈ. ಆಗ ನನಗೆ 30 ವರ್ಷ.

ಐದನೇ ದಿನ ಗುತ್ತಿಗೆದಾರನ ಕಡೆಯವನು ಆಸ್ಪತ್ರೆಗೆ ಬಂದ. ಒಂದು ಕೈಯಲ್ಲಿ 40,000 ರೂಪಾಯಿ, ಇನ್ನೊಂದರಲ್ಲಿ ಸ್ಟ್ಯಾಂಪ್ ಪೇಪರ್. ಮುಂದೆ ಏನೂ ಕೇಳುವುದಿಲ್ಲ ಅಂತ ಅದರಲ್ಲಿ ಹಿಂದಿಯಲ್ಲಿ ಟೈಪ್ ಮಾಡಿಸಿದ್ದರು. ಮನೆಯಲ್ಲಿ ದುಡ್ಡಿನ ತೊಂದರೆ ಜಾಸ್ತಿ ಇತ್ತು, ನಿಜ. ಆದರೆ ಪಕ್ಕದ ಬೆಡ್ಡಿನ ಹಳೇ ಟಿಂಬರ್‌ಮನ್ (ಗಣಿಯ ಚಾವಣಿಗೆ ಮರದ ಆಸರೆ ನಿಲ್ಲಿಸುವವನು) ಸಹಿ ಹಾಕಬೇಡ ಎಂದು ಕಣ್ಣಲ್ಲೇ ಹೇಳಿದ. ಸುಮ್ಮನಾದೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಸೆಕ್ಷನ್ 17ರ ಪ್ರಕಾರ ಹಕ್ಕು ಬಿಟ್ಟುಕೊಡುವ ಅಂಥ ಕಾಗದಕ್ಕೆ ಬೆಲೆಯೇ ಇಲ್ಲ ಅಂತ ಆಮೇಲೆ ವಕೀಲರು ಹೇಳಿದರು.

ಸಹಿ ಹಾಕದಿದ್ದಕ್ಕೆ ಅವರ ಮಾತು ಬದಲಾಯಿತು. ಆವತ್ತು ನಾನು ಕೆಲಸಕ್ಕೇ ಬಂದಿರಲಿಲ್ಲವಂತೆ! ಇದು ನನಗೆ ಕೈ ನೋವಿಗಿಂತ ಹೆಚ್ಚು ನೋವು ಕೊಟ್ಟಿತು.

ಗಣಿಯೊಳಗೆ ಇಳಿಯುವ ಮುಂಚೆ ಲ್ಯಾಂಪ್ ರೂಮಿನಲ್ಲಿ ಕ್ಯಾಪ್ ಲ್ಯಾಂಪ್, ಅಂದರೆ ಟೋಪಿಗೆ ಸಿಕ್ಕಿಸುವ ದೀಪ, ತಗೋಬೇಕು. ಯಾವ ಶಿಫ್ಟಿನಲ್ಲಿ ಯಾವ ನಂಬರಿನ ಲ್ಯಾಂಪ್ ಯಾರಿಗೆ ಕೊಟ್ಟರು ಅನ್ನುವುದನ್ನು ಅಲ್ಲಿನ ಪುಸ್ತಕದಲ್ಲಿ ಬರೆಯುತ್ತಾರೆ. ನನ್ನದು 212. ಆ ಪುಸ್ತಕ, ಹಾಜರಿ ಪುಸ್ತಕ, ಗಣಿ ಕಾಯ್ದೆಯ ಸೆಕ್ಷನ್ 23ರಂತೆ ಕೊಡಬೇಕಾದ ಅಪಘಾತದ ನೋಟಿಸ್, ಈ ಮೂರನ್ನೂ ತರಿಸಿ ಎಂದು ಅರ್ಜಿಯಲ್ಲೇ ಬರೆಸಿದೆ. ಲ್ಯಾಂಪ್ ಪುಸ್ತಕ ಬಂದ ದಿನ ಎದುರಿನ ವಕೀಲರು ಆ ಮಾತು ಮತ್ತೆ ಎತ್ತಲಿಲ್ಲ.

ಅರ್ಜಿ ಹಾಕಿದ್ದು ಚಂದ್ರಪುರದಲ್ಲಲ್ಲ, ನಮ್ಮ ಕಲಬುರಗಿಯಲ್ಲಿ. ಕಾರ್ಮಿಕ ವಾಸ ಇರುವ ಜಾಗದ ಕಮಿಷನರ್ (ಪರಿಹಾರದ ಕೇಸು ತೀರ್ಮಾನಿಸುವ ಅಧಿಕಾರಿ) ಮುಂದೆಯೂ ಕೇಳಬಹುದು ಅಂತ ಪರಿಹಾರ ಕಾಯ್ದೆಯ ಸೆಕ್ಷನ್ 21 ಹೇಳುತ್ತಿತ್ತು. ಇದು ಗೊತ್ತಿಲ್ಲದೇ ಎಷ್ಟೋ ಜನ ರೈಲು ಖರ್ಚಿಗೆ ಹೆದರಿ ಕೈಬಿಡುತ್ತಾರೆ. ಗುತ್ತಿಗೆದಾರನ ಜೊತೆ ಗಣಿ ಕಂಪನಿಯನ್ನೂ ಎದುರು ಪಾರ್ಟಿ ಮಾಡಿದೆವು. ಗುತ್ತಿಗೆ ಆಳಿನ ಪರಿಹಾರಕ್ಕೆ ಮೂಲ ಮಾಲೀಕರೂ ಹೊಣೆ.

ಲೆಕ್ಕ ಹೀಗೆ. ಸಂಬಳ 16,500 ಇದ್ದರೂ ಆಗ ಲೆಕ್ಕಕ್ಕೆ ಹಿಡಿಯುತ್ತಿದ್ದುದು 15,000ವರೆಗೆ ಮಾತ್ರ. ಅದರ ಶೇ. 60 ಅಂದರೆ 9,000. ಅದನ್ನು ವಯಸ್ಸಿಗೆ ತಕ್ಕಂತೆ ಕಾಯ್ದೆಯಲ್ಲಿ ಕೊಟ್ಟಿದ್ದ ಅಂಶದಿಂದ, 30 ವರ್ಷದವರಿಗೆ 207.98ರಿಂದ, ಗುಣಿಸಿದರೆ 18,71,820. ಪೂರ್ತಿ ಹೆಬ್ಬೆಟ್ಟು ಹೋದರೆ ದುಡಿಯುವ ಶಕ್ತಿಯ ನಷ್ಟ ಕಾಯ್ದೆಯ ಪಟ್ಟಿಯಲ್ಲಿ ಶೇ. 30. ನನಗೆ ಬರಬೇಕಾದ್ದು 5,61,546. ಅವರು ಕೊಡಲು ಬಂದಿದ್ದು ಎಷ್ಟು ನೆನಪಿದೆ ಅಲ್ವಾ? ತಡ ಮಾಡಿದ್ದಕ್ಕೆ ಶೇ. 12 ಬಡ್ಡಿ ಬೇರೆ. ಔಷಧಿ ಬಿಲ್ಲುಗಳನ್ನು ಹೆಂಡತಿ ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದ್ದಳು, ಆ ಖರ್ಚೂ ವಾಪಸ್ ಬಂತು.

2025ರ ನವೆಂಬರ್ 21ರಿಂದ ಈ ಪರಿಹಾರ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಈಗ ಪೆಟ್ಟು ತಿಂದವರು ಹೊಸ ಸೆಕ್ಷನ್ ನಂಬರುಗಳನ್ನು ವಕೀಲರ ಹತ್ತಿರ ಕೇಳಿಕೊಳ್ಳಿ. ಲ್ಯಾಂಪ್ ನಂಬರನ್ನು ಮಾತ್ರ ದಿನಾ ಬರೆದಿಡಿ.

ದುಡ್ಡು 2023ರಲ್ಲಿ ಕೈಗೆ ಬಂತು. ಸಾಲ ತೀರಿಸಿ ಎರಡು ಎಮ್ಮೆ ತಂದೆವು. ಮೇವು ಹಾಕುವುದು, ಮೈ ತೊಳೆಯುವುದು ನನ್ನ ಪಾಲು. ಹಾಲು ಕರೆಯುವುದು ಹೆಂಡತಿ. ಹೆಬ್ಬೆಟ್ಟಿಲ್ಲದ ಕೈಗೆ ಕೆಚ್ಚಲು ಹಿಡಿಯಲು ಬರುವುದಿಲ್ಲ.