ದ್ವೀಪದ ಗಿಡ ಎಣಿಸುವ ಮೊದಲು ಚೌಕ ಹಾಕಿ

“ಈ ದ್ವೀಪದಲ್ಲಿ 120 ಜಾತಿ ಗಿಡಗಳಿವೆ, ಆ ದ್ವೀಪದಲ್ಲಿ 60 ಇವೆ” ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, “ಎಷ್ಟು ಜಾಗದಲ್ಲಿ?” ದೊಡ್ಡ ದ್ವೀಪದಲ್ಲಿ ಜಾತಿ ಜಾಸ್ತಿ ಅನ್ನುವುದು ಹಳೇ ಸುದ್ದಿ. 1772ರಲ್ಲಿ ಕ್ಯಾಪ್ಟನ್ ಕುಕ್ ಜೊತೆ ಹಡಗು ಹತ್ತಿದ ನಿಸರ್ಗ ವಿಜ್ಞಾನಿ ಫಾರ್‌ಸ್ಟರ್ ಕೂಡ ಅದನ್ನು ಗಮನಿಸಿದ್ದರು. ದ್ವೀಪದ ವಿಸ್ತೀರ್ಣ ಹತ್ತು ಪಟ್ಟಾದರೆ ಜಾತಿಗಳು ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತವೆ ಅನ್ನುವುದು ಒಂದು ಒರಟು ಲೆಕ್ಕ. ಹಾಗಾಗಿ ಬರೀ ಒಟ್ಟು ಪಟ್ಟಿ ಹಿಡಿದು ಹೋಲಿಸಿದರೆ ನಾವು ಹೋಲಿಸುತ್ತಿರುವುದು ಬಹುಪಾಲು ಭೂಪಟವನ್ನೇ. ಗಿಡಗಳ ಕಥೆ ಬೇಕಾದರೆ ಒಂದೇ ದ್ವೀಪವನ್ನು ಚಿಕ್ಕ, ಮಧ್ಯಮ, ದೊಡ್ಡ ಅಳತೆಗಳಲ್ಲಿ ನೋಡಬೇಕು.

ಜಾಗಗಳನ್ನು ಮನೆಯಲ್ಲೇ, ನಕ್ಷೆ ಮೇಲೆ ಆರಿಸಿ. ದ್ವೀಪಕ್ಕೆ ಕಾಲಿಟ್ಟ ಮೇಲೆ ಆರಿಸಿದರೆ ದೋಣಿ ನಿಲ್ಲುವ ಕಡೆ, ನೆರಳಿರುವ ಕಡೆ, ಹೂ ಕಾಣುವ ಕಡೆಗೇ ಕಾಲು ಹೋಗುತ್ತದೆ. ಮರಳು ದಂಡೆ, ಬಂಡೆ, ಪೊದೆ, ಗುಡ್ಡದ ತಲೆ ಅಂತ ವಿಂಗಡಿಸಿಕೊಂಡು, ಪ್ರತಿಯೊಂದರಲ್ಲೂ ಚೀಟಿ ಎತ್ತಿದ ಹಾಗೆ ಕೆಲವು ಬಿಂದು ಹಾಕಿ. ಬಿಂದು ಮುಳ್ಳುಪೊದೆಯೊಳಗೆ ಬಿದ್ದರೆ ಪೊದೆಯೊಳಗೇ ಹೋಗಿ. ಬೇರೆ ದಾರಿಯಿಲ್ಲ.

ಒಂದೊಂದು ಬಿಂದುವಿನಲ್ಲೂ ಹಗ್ಗದಿಂದ ಒಂದರೊಳಗೊಂದು ಕೂರುವಂತೆ ಆವರಣ ಹಾಕಬೇಕು: 1 ಚದರ ಮೀಟರ್, ಅದನ್ನು ಒಳಗೊಂಡ 2×5 ಮೀಟರ್, ಆಮೇಲೆ 10×10, ಜಾಗ ಸಿಕ್ಕರೆ 20×50. ಚಿಕ್ಕದರಿಂದಲೇ ಶುರು ಮಾಡಿ, ಹೊರಗೆ ಹೋದ ಹಾಗೆ ಹೊಸದಾಗಿ ಸಿಕ್ಕ ಜಾತಿ ಮಾತ್ರ ಬರೆಯುತ್ತಾ ಹೋಗಿ. ಬೇರು ಒಳಗಿದ್ದರೆ ಲೆಕ್ಕಕ್ಕೆ ಉಂಟು, ಕೊಂಬೆ ಮಾತ್ರ ಒಳಗೆ ಚಾಚಿದ್ದರೆ ಇಲ್ಲ. ಈ ನಿಯಮವನ್ನು ಮೊದಲೇ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಮಧ್ಯಾಹ್ನದ ಬಿಸಿಲಿಗೆ ಅದು ತಾನಾಗಿಯೇ ಸಡಿಲವಾಗುತ್ತದೆ.

ಜಾಸ್ತಿ ಸಮಯ ತಿನ್ನುವುದು ಆ 1 ಮೀಟರಿನ ಚೌಕವೇ. ನಿಂತು ನೋಡಿದರೆ ಬರೀ ಹುಲ್ಲು. ಮಂಡಿಯೂರಿ ಎಲೆ ಬಿಡಿಸಿ, ಅದು ಕಾಂಡ ಸೇರುವ ಜಾಗ ನೋಡಿ. ಒಂದರಲ್ಲಿ ತೆಳು ಬಿಳಿ ಪೊರೆ ಇರುತ್ತದೆ, ಪಕ್ಕದ್ದರಲ್ಲಿ ಪೊರೆಯ ಬದಲು ಕೂದಲಿನ ಸಾಲು. ಒಂದು ಅಂದುಕೊಂಡ ಹುಲ್ಲು ಅಲ್ಲಿಗೆ ಎರಡಾಯಿತು. ಹೆಸರು ಗೊತ್ತಿಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. “ಕೂದಲು ಹುಲ್ಲು 2” ಅಂತ ತಾತ್ಕಾಲಿಕ ಹೆಸರಿಟ್ಟು ಎಲೆಯ ಎರಡೂ ಮುಖ, ಗಿಣ್ಣು, ಹೂವಿನ ಫೋಟೋ ತೆಗೆಯಿರಿ. ಆದರೆ ಅದೇ ಗಿಡಕ್ಕೆ ಎಲ್ಲಾ ಚೌಕಗಳಲ್ಲೂ ಅದೇ ಹೆಸರು ಇರಲಿ. ಕಿತ್ತು ತರುವುದಾದರೆ ಮೊದಲು ಅನುಮತಿ ಬೇಕು.

ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಶೂ, ಸಾಕ್ಸ್, ಬ್ಯಾಗ್ ಎಲ್ಲಾ ಉಜ್ಜಿ ತೊಳೆಯಿರಿ. 1963ರಲ್ಲಿ ಐಸ್‌ಲ್ಯಾಂಡ್ ಬಳಿ ಸಮುದ್ರದಿಂದ ಎದ್ದ ಸರ್ಟ್ಸೀ ದ್ವೀಪಕ್ಕೆ ವಿಜ್ಞಾನಿಗಳಿಗೆ ಬಿಟ್ಟರೆ ಹೆಚ್ಚಿನವರಿಗೆ ಪ್ರವೇಶವಿಲ್ಲ. ಅಲ್ಲೂ ಒಮ್ಮೆ ಟೊಮೆಟೊ ಗಿಡ ಹುಟ್ಟಿತ್ತು. ಯಾರೋ ಬಯಲಿಗೆ ಹೋಗಿದ್ದರ ಫಲ! ಕೊನೆಗೆ ಅದನ್ನು ಕಿತ್ತುಹಾಕಿದರು. ಅದೇ ದ್ವೀಪದಲ್ಲಿ ಕಡಲಹಕ್ಕಿಗಳು ಗೂಡು ಕಟ್ಟಲು ಶುರು ಮಾಡಿದ ಮೇಲೆ, ಹಿಕ್ಕೆ ಗೊಬ್ಬರವಾಗಿ ಗಿಡಗಳು ಚೆನ್ನಾಗಿ ಹೆಚ್ಚಿದವು. ಹಾಗಾಗಿ ಹಕ್ಕಿಗೂಡು ಕಂಡರೆ ಅದನ್ನೂ ಬರೆದುಕೊಳ್ಳಿ, ಚೌಕಗಳ ನಡುವಿನ ವ್ಯತ್ಯಾಸಕ್ಕೆ ಅದೇ ಕಾರಣವಿರಬಹುದು.

ಲೆಕ್ಕ ಸುಲಭ. ಒಂದು ಮೀಟರಿನ ಚೌಕಗಳ ಸರಾಸರಿ 8 ಜಾತಿ, ಎಲ್ಲಾ ಚೌಕ ಸೇರಿ 48 ಅಂತಿಟ್ಟುಕೊಳ್ಳಿ. ಮೊದಲನೆಯದು ಆಲ್ಫಾ, ಎರಡನೆಯದು ಗಾಮಾ. ಭಾಗಿಸಿದರೆ ಬರುವ 6 ಬೀಟಾ, ಅಂದರೆ ಒಂದು ಚೌಕಕ್ಕೂ ಇನ್ನೊಂದಕ್ಕೂ ಗಿಡಗಳು ಎಷ್ಟು ಬದಲಾಗುತ್ತವೆ ಅನ್ನುವುದರ ಅಳತೆ. ಎರಡು ದ್ವೀಪ ಹೋಲಿಸುವಾಗ ಚೌಕದ ಅಳತೆಯೂ ಒಂದೇ ಇರಬೇಕು, ಚೌಕಗಳ ಸಂಖ್ಯೆಯೂ ಒಂದೇ ಇರಬೇಕು. ಆಲ್ಫಾ ಎರಡರಲ್ಲೂ ಸಮ, ಗಾಮಾ ಮಾತ್ರ ದೊಡ್ಡ ದ್ವೀಪದಲ್ಲಿ ಹೆಚ್ಚು ಅಂದರೆ, ಅಲ್ಲಿ ಬಗೆಬಗೆಯ ನೆಲೆಗಳಿರಬಹುದು. ಚಿಕ್ಕ ದ್ವೀಪದ ಒಂದೊಂದು ಚೌಕದಲ್ಲೂ ಜಾತಿ ಕಮ್ಮಿಯಿದ್ದರೆ ವಿಷಯ ಬೇರೆ. ಬೀಜ ಅಲ್ಲಿಗೆ ತಲುಪುತ್ತಿಲ್ಲವೋ, ಗಿಡಗಳು ಉಪ್ಪುಗಾಳಿಗೆ ಸುಟ್ಟುಹೋಗುತ್ತಿವೆಯೋ, ಇದ್ದ ನಾಲ್ಕು ಗಿಡ ಸತ್ತಮೇಲೆ ಮತ್ತೆ ಬರಲಿಲ್ಲವೋ ಹುಡುಕಬೇಕು. ತೀರಾ ಪುಟ್ಟ ದ್ವೀಪಗಳಲ್ಲಿ ವಿಸ್ತೀರ್ಣದ ಲೆಕ್ಕವೇ ಕೈಕೊಡುವುದುಂಟು, ಒಂದು ಬಿರುಗಾಳಿ ಪಟ್ಟಿಯನ್ನೇ ಬದಲಿಸಿಬಿಡುತ್ತದೆ.

ಇನ್ನೊಂದು ವಿಷಯ. ಹಾಳೆಯಲ್ಲಿ ಮೂಲ ಗಿಡಗಳಿಗೆ ಒಂದು ಕಾಲಂ, ಹೊರಗಿನಿಂದ ಬಂದವಕ್ಕೆ ಇನ್ನೊಂದು ಇಡಿ. ನ್ಯೂಜಿಲೆಂಡ್‌ನಲ್ಲಿ ಮೂಲ ಗಿಡಗಳು ಸುಮಾರು 2,000 ಜಾತಿ, ಹೊರಗಿಂದ ಬಂದು ತಾವಾಗಿಯೇ ಬೆಳೆಯುತ್ತಿರುವವೂ ಹತ್ತಿರಹತ್ತಿರ ಅಷ್ಟೇ. ಒಟ್ಟು ಪಟ್ಟಿ ನೋಡಿದರೆ ವೈವಿಧ್ಯ ಎರಡು ಪಟ್ಟಾದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಹೊರಗಿನ ಒಂದೇ ಬಳ್ಳಿ ಹಬ್ಬಿಕೊಂಡ ಚೌಕದಲ್ಲಿ ಕೂತು ಎಣಿಸಿದರೆ ಲೆಕ್ಕ ಇಳಿದಿರಬಹುದು. ಕಾಲಂ ಎರಡಿಲ್ಲದಿದ್ದರೆ ಇಳಿದದ್ದು ಯಾವುದು, ಏರಿದ್ದು ಯಾವುದು ಅಂತ ಆಮೇಲೆ ಬಿಡಿಸಲು ಆಗುವುದಿಲ್ಲ.