ಹಡಗಿನಿಂದ ಇಳಿದು ನಾರ್ತ್ ಕೇಪ್‌ಗೆ

ಹಡಗು ನಾರ್ವೆಯ ಹೊನ್ನಿಂಗ್ಸ್‌ವೋಗ್‌ನಲ್ಲಿ ನಿಂತರೆ ಯುರೋಪಿನ ಉತ್ತರ ತುದಿ ಅಂತ ಹೆಸರಾದ ನಾರ್ತ್ ಕೇಪ್ ನೋಡದೆ ಬರಬೇಡಿ. ಬಸ್ಸಿನಲ್ಲಿ ಮುಕ್ಕಾಲು ಗಂಟೆ ದಾರಿ. ಹಿಮಸಾರಂಗ ಕಾಣಬೇಕಾ? ಕಿಟಕಿ ಸೀಟು ಹಿಡಿಯಿರಿ.

ಸ್ವಂತವಾಗಿ ಹೋಗುವುದಾದರೆ ಮೊದಲು ವಾಪಸ್ ಬಸ್ಸಿನ ಹೊತ್ತು ನೋಡಿಕೊಳ್ಳಿ. ತಡವಾದರೆ ಹಡಗು ಕಾಯುವುದಿಲ್ಲ.

ಜುಲೈ ಅಲ್ವಾ ಅಂತ ತೆಳು ಬಟ್ಟೆ ಹಾಕಬೇಡಿ. 307 ಮೀಟರ್ ಎತ್ತರದ ಬಂಡೆ, ತಡೆಯಲು ಒಂದು ಮರವೂ ಇಲ್ಲ. ಆ ಗಾಳಿಗೆ ಕೊಡೆ ಸುಮ್ನೆ ದಂಡ, ರೇನ್‌ಕೋಟೇ ಸರಿ. ನಾನಂತೂ ಮಂಕಿ ಕ್ಯಾಪ್ ಹಾಕಿದ್ದೆ. ಮಗಳು ನಕ್ಕಳು, ನಗಲಿ ಬಿಡಿ.

ಇಳಿದ ತಕ್ಷಣ ಬಂಡೆಯ ತುದಿಯಲ್ಲಿರುವ ಗ್ಲೋಬ್ ಸ್ಮಾರಕದ ಹತ್ತಿರ ಹೋಗಿ. ಮಂಜು ಕವಿದರೆ ಸಮುದ್ರವೇ ಕಾಣುವುದಿಲ್ಲ. ಕಾಫಿ, ಅಂಗಡಿ ಆಮೇಲೆ.

ಅಂದಹಾಗೆ, ಪಕ್ಕದ ಕ್ನಿವ್‌ಶೆಲ್ಲೊಡ್ಡೆನ್ ಅನ್ನೋ ಭೂಶಿರ ಇನ್ನೂ ಸುಮಾರು ಒಂದೂವರೆ ಕಿ.ಮೀ. ಉತ್ತರಕ್ಕಿದೆ. ಹೋಗಿಬರಲು 18 ಕಿ.ಮೀ. ನಡಿಗೆ, ಹಡಗಿನವರಿಗೆ ಆಗದ ಮಾತು.