ಹೆಸರು ಜೋಡಿಸಿ ನೋಡಿದ ಮೇಲೆಯೇ ಸ್ಕ್ರಿಪ್ಟ್ ಫಾಂಟ್

ಲಗ್ನಪತ್ರಿಕೆಯಿರಲಿ, ಸೀರೆ ಅಂಗಡಿಯ ಲೋಗೊ ಇರಲಿ, ಗಿರಾಕಿಗಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ ‘ಇಂಥದ್ದೇ ಬಳುಕುವ ಇಂಗ್ಲಿಷ್ ಅಕ್ಷರ ಹಾಕಿ’ ಎನ್ನುತ್ತಾರೆ. ಕೂಡುಬರಹದಂತೆ ಕಾಣುವ ಇಂಥ ಅಕ್ಷರಗಳೇ ಸ್ಕ್ರಿಪ್ಟ್ ಫಾಂಟ್. ಚಿತ್ರದಲ್ಲಿರುವುದು ಎಮ್ಮಾ, ಜೇಮ್ಸ್ ಎಂಬಂಥ ಪುಟ್ಟ ಹೆಸರು. ನಮ್ಮ ವಿಶ್ವನಾಥನನ್ನು ಇಂಗ್ಲಿಷಿನಲ್ಲಿ ಬರೆದರೆ ಎರಡು ಎಚ್, ಒಂದು ಟಿ ತಲೆ ಎತ್ತಿ ನಿಲ್ಲುತ್ತವೆ. ಟಿಯ ಅಡ್ಡಗೆರೆ ಪಕ್ಕದ ಎಚ್‌ನ ಕುತ್ತಿಗೆಗೆ ತಗುಲಿ, ಕೊನೆಯ ಅಕ್ಷರ ಯಾವುದೆಂದೇ ತಿಳಿಯುವುದಿಲ್ಲ. ಹಾಗಾಗಿ ಹೆಸರನ್ನು ನಾಲ್ಕಾರು ಫಾಂಟುಗಳಲ್ಲಿ ಜೋಡಿಸಿ, ನಿಜವಾದ ಅಳತೆಯಲ್ಲೇ ಮುದ್ರಿಸಿ, ಮನೆಯ ಹಿರಿಯರ ಕೈಗೆ ಕೊಡುತ್ತೇನೆ. ಅವರು ತಡವರಿಸದೆ ಓದಿದ್ದು ಮಾತ್ರ ಮುಂದಿನ ಸುತ್ತಿಗೆ.

ನನ್ನ ಮೆಚ್ಚಿನದು ಸ್ನೆಲ್ ರೌಂಡ್‌ಹ್ಯಾಂಡ್. ಇಂಗ್ಲೆಂಡಿನ ಬರವಣಿಗೆ ಶಿಕ್ಷಕ ಚಾರ್ಲ್ಸ್ ಸ್ನೆಲ್ ಅವರ ಕೈಬರಹವನ್ನು ಆಧರಿಸಿ ಅಕ್ಷರ ವಿನ್ಯಾಸಕ ಮ್ಯಾಥ್ಯೂ ಕಾರ್ಟರ್ 1966ರಲ್ಲಿ ರೂಪಿಸಿದ್ದು. ಸೀಸದ ಅಚ್ಚಿನಲ್ಲಿ ಓರೆ ಅಕ್ಷರಗಳನ್ನು ಒಂದಕ್ಕೊಂದು ಬೆಸೆಯುವುದು ಕಷ್ಟ. ಬೆಳಕಿನಿಂದ ಫಿಲ್ಮಿನ ಮೇಲೆ ಅಕ್ಷರ ಮೂಡಿಸುವ ಫೋಟೊ ಟೈಪ್‌ಸೆಟ್ಟಿಂಗ್ ಬಂದ ಮೇಲೆ ಆ ತೊಡಕು ಸಡಿಲವಾಯಿತು. ಸ್ನೆಲ್‌ನ ದೊಡ್ಡಕ್ಷರಗಳಲ್ಲಿ (ಕ್ಯಾಪಿಟಲ್) ಆಡಂಬರ ಕಡಿಮೆ, ವಕೀಲರ ಲೆಟರ್‌ಹೆಡ್‌ಗೂ ಒಪ್ಪುತ್ತದೆ. ಹರ್ಮನ್ ಝಾಫ್ ಅವರ ಝಾಫಿನೊ ಬಲು ಚೆಲುವೆ, ಆದರೆ ಅದರ ಬಾಲಗಳು ಮೇಲಿನ, ಕೆಳಗಿನ ಸಾಲುಗಳ ಜಾಗವನ್ನೆಲ್ಲ ತಿನ್ನುತ್ತವೆ. ಒಂದೇ ಪದವಿದ್ದರೆ ಮಾತ್ರ ಬಳಸುತ್ತೇನೆ. ಗ್ರೇಟ್ ವೈಬ್ಸ್ ಎಂಬ ಫಾಂಟ್ ಉಚಿತ, ವ್ಯಾಪಾರಕ್ಕೂ ಬಳಸಬಹುದು. ಲಗ್ನಪತ್ರಿಕೆಗೆ ಸರಿ, ಲೋಗೊಗೆ ಬೇಡ: ಎದುರಿನ ಬೇಕರಿಯ ಬೋರ್ಡಿನಲ್ಲೂ ಅದೇ ಇರುತ್ತದೆ.

ಅಕ್ಷರಗಳ ನಡುವಿನ ಅಂತರವನ್ನು ನಾನು ಮುಟ್ಟುವುದೇ ಇಲ್ಲ. ಸ್ವಲ್ಪ ಹಿಗ್ಗಿಸಿದರೂ ಕೊಂಡಿ ಕಳಚುತ್ತದೆ. ಇಡೀ ಹೆಸರನ್ನು ದೊಡ್ಡಕ್ಷರದಲ್ಲಿ ಹಾಕಿ ಎಂದು ಯಾರು ಪಟ್ಟು ಹಿಡಿದರೂ ಒಪ್ಪುವುದಿಲ್ಲ, ಅದು ಸುರುಳಿಗಳ ಸಂತೆ. ವಿಳಾಸ, ಪದವಿ, ಫೋನ್ ಸಂಖ್ಯೆಗಳಿಗೆ ಸಾದಾ ಫಾಂಟ್.

ನಿಜವಾದ ಪರೀಕ್ಷೆ ಚಿನ್ನದ ಫಾಯಿಲಿನಲ್ಲಿ. ಪರದೆಯ ಮೇಲೆ ನಾಜೂಕಾಗಿ ಕಾಣುವ ಎಳೆಗೆರೆ ಕಾಗದದ ಮೇಲೆ ಅಲ್ಲಲ್ಲಿ ತುಂಡಾಗುತ್ತದೆ, ಒರಟು ಕಾಗದವಾದರಂತೂ ಕೇಳುವುದೇ ಬೇಡ. ಆದ್ದರಿಂದ ಬ್ಲಾಕ್ (ಫಾಯಿಲ್ ಒತ್ತುವ ಅಚ್ಚು) ಮಾಡಿಸುವ ಮೊದಲು ವಿನ್ಯಾಸದ ತಂತ್ರಾಂಶ ಕೋರೆಲ್‌ಡ್ರಾದಲ್ಲಿ ಅಕ್ಷರಗಳನ್ನು ಕರ್ವ್ ಆಗಿ, ಅಂದರೆ ಬರೀ ಆಕೃತಿಯಾಗಿ ಬದಲಿಸಿ, ಒಂದರ ಮೇಲೊಂದು ಹತ್ತಿರುವ ಕಡೆಗಳನ್ನೆಲ್ಲ ವೆಲ್ಡ್ ಮಾಡಿ ಒಂದೇ ಆಕೃತಿಯಾಗಿಸುತ್ತೇನೆ. ಬಿಟ್ಟರೆ ಕೊಂಡಿಯ ಜಾಗದಲ್ಲಿ ಬಿಳಿ ತೂತು ಬೀಳಬಹುದು; ಲೇಸರ್ ಕಟಿಂಗ್ ಆದರೆ ಅಕ್ಷರಗಳು ಬಿಡಿಬಿಡಿಯಾಗಿ ಉದುರುತ್ತವೆ. ಆಮೇಲೆ ಅದೇ ಬಣ್ಣದ ತೆಳು ಔಟ್‌ಲೈನ್ ಕೊಟ್ಟು ಎಳೆಗೆರೆಗಳನ್ನಷ್ಟೇ ಅಲ್ಲ, ಇಡೀ ಹೆಸರನ್ನೂ ತುಸು ದಪ್ಪ ಮಾಡುತ್ತೇನೆ.

ಪಕ್ಕದಲ್ಲೇ ಕನ್ನಡವೂ ಇದ್ದರೆ ಅದನ್ನೂ ಓರೆ ಮಾಡಿ ಎನ್ನುವವರಿದ್ದಾರೆ. ಎಳೆದು ವಾಲಿಸಿದರೆ ನಮ್ಮ ಒತ್ತಕ್ಷರಗಳು ಹಿಂದಿನ ಅಕ್ಷರದ ಕಾಲಿಗೆ ತೊಡರುತ್ತವೆ, ತಲೆಕಟ್ಟುಗಳು ಜೋಲುತ್ತವೆ. ಕನ್ನಡವನ್ನು ನೇರವಾಗಿಯೇ ಇಟ್ಟು, ದಪ್ಪ ಸಣ್ಣ ಗೆರೆಗಳ ವ್ಯತ್ಯಾಸವಿರುವ ಪುಸ್ತಕದ ಫಾಂಟ್ ಆರಿಸಿ, ಗಾತ್ರದಲ್ಲಿ ಇಂಗ್ಲಿಷಿಗಿಂತ ಒಂದು ಕೈ ಮುಂದಿಡುತ್ತೇನೆ.